ಹುಲಿಕಲ್ಲಮ್ಮನ ಸಾವಧಾನ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇದು ನಾನು ಜನರಿಗೆ ಸಮಾಧಾನ ಕಲಿಸಲು ಹೊರಟ ಕತೆ. ಬಸ್ಸು ಐದು ನಿಮಿಷ ತಡವಾದರೆ ಕಂಡಕ್ಟರಿನ ಗ್ರಹಚಾರ ಬಿಡಿಸುವವಳು, ದೋಸೆ ಏಳದಿದ್ದರೆ ಕಾವಲಿಗೇ ಬೈಯುವವಳು, ವಿಶ್ವವಿದ್ಯಾಲಯವೊಂದರಲ್ಲಿ ಆಪ್ತಸಮಾಲೋಚನೆಯ ಅಧ್ಯಾಪಕಿ. ಕಷ್ಟದಲ್ಲಿರುವವರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂದು ಪಾಠ ಮಾಡುವುದು ನನ್ನ ಕೆಲಸ. ಸಾಗರದ ನಮ್ಮ ಮನೆಯಲ್ಲಿ ಇದನ್ನು ಯಾರೂ ನಂಬುವುದಿಲ್ಲ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ," ಎಂದು ನನ್ನ ಅತ್ತೆ ಒಂದೇ ಗಾದೆಯಲ್ಲಿ ನನ್ನ ಇಡೀ ವೃತ್ತಿಯನ್ನು ಮುಗಿಸಿದ್ದಾರೆ. ಗಂಡ ಇನ್ನೂ ಒಂದು ಹೆಜ್ಜೆ ಮುಂದೆ. "ನಿನ್ನ ಕ್ಲಾಸಿಗೆ ಒಂದ್ಸಲ ನೀನೇ ಅಡ್ಮಿಶನ್ ಮಾಡ್ಸು ಮಾರಾಯ್ತಿ," ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಮುಖ್ಯಸ್ಥರಿಗೆ ಹೊಸ ಸರ್ಟಿಫಿಕೇಟ್ ಕೋರ್ಸ್ ಒಂದರ ಹುಚ್ಚು ಹತ್ತಿತು. ಮೈಂಡ್‌ಫುಲ್‌ನೆಸ್ ಆಧಾರಿತ ಕೌನ್ಸೆಲಿಂಗ್. ಈ ಕ್ಷಣ ಏನು ನಡೆಯುತ್ತಿದೆಯೋ ಅದನ್ನು ಬೈಯದೆ, ಅದರಿಂದ ಓಡಿಹೋಗದೆ, ಗಮನವಿಟ್ಟು ನೋಡುವುದು. ಹಾಗೆ ನೋಡುವುದನ್ನು ತಾನು ಕಲಿತು, ಮನಸ್ಸು ಕೆಟ್ಟು ಬಂದವರಿಗೂ ಕಲಿಸುವುದು. ವಿಷಯ ಇಷ್ಟೇ. ಇದಕ್ಕೊಂದು ಕನ್ನಡ ಪದ ಬೇಕೆಂದು ಮೂರು ಮೀಟಿಂಗ್ ಆದವು. 'ಎಚ್ಚರ' ಎಂದರೆ ಘಾಟಿಯ ತಿರುವಿನ ಬೋರ್ಡಿನ ಹಾಗಾಗುತ್ತದೆ ಎಂದರು ಒಬ್ಬರು. 'ಅರಿವು' ಎಂದರೆ ಸರ್ಕಾರದ ಯಾವುದೋ ಜಾಥಾ ಎಂದುಕೊಂಡು ಬಾವುಟ ಹಿಡಿದು ಬರುತ್ತಾರೆ ಎಂದರು ಇನ್ನೊಬ್ಬರು. ಕೊನೆಗೆ ಮುಖ್ಯಸ್ಥರೇ 'ಸಾವಧಾನ' ಎಂದರು.

"ನಮ್ಮ ಕಡೆ ಸಾವಧಾನ ಅಂದ್ರೆ ನಿಧಾನ ಸಾರ್," ಎಂದೆ. "ಮೆಟ್ಟಿಲು ಜಾರ್ತದೆ, ಸಾವಧಾನ ಇಳೀರಿ ಅಂತೀವಿ. ಗಮನ ಅಂತ ಯಾರೂ ತಿಳ್ಕೊಳ್ಳೋದಿಲ್ಲ."

"ಸಂಸ್ಕೃತದಲ್ಲಿ ಗಮನ ಅಂತಲೇ ಅರ್ಥ. ನಿಘಂಟು ನೋಡಿ," ಎಂದರು.

"ಜನ ನಿಘಂಟು ನೋಡ್ಕೊಂಡು ಮೆಟ್ಟಿಲಿಳಿಯಲ್ಲ ಸಾರ್," ಎಂದೆ. ನನ್ನ ದನಿ ಸ್ವಲ್ಪ ಏರಿತ್ತು. ಅಷ್ಟರಲ್ಲಿ ಗುಮಾಸ್ತರು ನಡಾವಳಿಯಲ್ಲಿ ಸಾವಧಾನ ಎಂದು ಬರೆದು ಮುಗಿಸಿದ್ದರು. ಬರೆದದ್ದನ್ನು ಹೊಡೆದುಹಾಕಲು ಇನ್ನೊಂದು ಮೀಟಿಂಗ್ ಬೇಕಂತೆ.

ಮುಂದಿನ ಜಗಳ ಕೋರ್ಸು ಎಲ್ಲಿ ನಡೆಯಬೇಕೆಂಬುದು. ಸಾಗರದವರು ಸಾಗರ ಎಂದರು, ತೀರ್ಥಹಳ್ಳಿಯವರು ತೀರ್ಥಹಳ್ಳಿ ಎಂದರು, ಇಬ್ಬರಿಗೂ ಮಧ್ಯದಲ್ಲಿರುವ ಹೊಸನಗರದವರು ನಾವೇನು ಪಾಪ ಮಾಡಿದ್ದೇವೆ ಎಂದರು. ಯಾರಿಗೂ ಬೇಜಾರಾಗಬಾರದೆಂದು ಒಂದು ಶನಿವಾರ ಒಂದೂರು, ಮುಂದಿನ ಶನಿವಾರ ಇನ್ನೊಂದೂರು ಎಂದು ತೀರ್ಮಾನವಾಯಿತು. ಇದರಿಂದ ಎಲ್ಲರಿಗೂ ಸಮನಾಗಿ ಬೇಜಾರಾಯಿತು.

ಮೊದಲ ಕ್ಲಾಸು ಹೊಸನಗರದ ಒಂದು ಹಳೇ ಕಾಲೇಜಿನ ಹಾಲಿನಲ್ಲಿ. ಅರ್ಜಿ ಹಾಕಿದ್ದವರು ಹನ್ನೆರಡು ಜನ. ನಾನು ಹೋಗಿ ನೋಡಿದರೆ ಐವತ್ತಕ್ಕೂ ಮೇಲೆ ಜನ! ಬೆಂಚು ಸಾಲದೆ ಜಗಲಿಯಲ್ಲೂ ನಿಂತಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ಮಲೆನಾಡಿನಲ್ಲಿ ಮನಸ್ಸಿನ ಬಗ್ಗೆ ಇಷ್ಟು ಕಾಳಜಿಯೇ ಎಂದು ಬೀಗಿದೆ.

ಹೊರಗೆ ಕಟ್ಟಿದ್ದ ಫ್ಲೆಕ್ಸನ್ನು ನಾನು ಓದಿರಲಿಲ್ಲ. ಕೋರ್ಸಿನ ಹೆಸರು ತೀರಾ ಉದ್ದವಾಯಿತೆಂದು ಫ್ಲೆಕ್ಸ್ ಅಂಗಡಿಯವನು ಸಾವಧಾನವನ್ನು ಇರುವೆ ಅಕ್ಷರದಲ್ಲಿ ಮೂಲೆಗೆ ತಳ್ಳಿ, ನಡುವೆ ಕೆಂಪಗೆ 'ಕೌನ್ಸೆಲಿಂಗ್' ಎಂದು ಹಾಕಿ, ಕೆಳಗೆ 'ಸಾಗರ, ಹೊಸನಗರ, ತೀರ್ಥಹಳ್ಳಿ' ಎಂದು ಬರೆದಿದ್ದ. ನಮ್ಮ ಜನಕ್ಕೆ ಕೌನ್ಸೆಲಿಂಗ್ ಎಂದರೆ ಇರುವುದು ಎರಡೇ ಅರ್ಥ. ಒಂದು, ಪಿಯುಸಿ ಮುಗಿಸಿದ ಮಕ್ಕಳಿಗೆ ಸೀಟು ಹಂಚುವುದು. ಎರಡು, ಸರ್ಕಾರಿ ಶಾಲೆಯ ಮೇಷ್ಟ್ರು ಟೀಚರುಗಳಿಗೆ ವರ್ಗಾವಣೆಯ ಊರು ಹಂಚುವುದು. ಎರಡರಲ್ಲೂ ಪರದೆ ಮುಂದೆ ನಿಂತು ಎರಡು ನಿಮಿಷದಲ್ಲಿ ಮುಂದಿನ ಬದುಕನ್ನು ಆರಿಸಿಕೊಳ್ಳಬೇಕು. ಕೂತು ಸಾವಕಾಶವಾಗಿ ಮನಸ್ಸಿನ ಮಾತಾಡುವುದಕ್ಕೂ ಅದೇ ಹೆಸರಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ಫೈಲೆಲ್ಲ ಕೆಳಗಿಡಿ. ಬೆನ್ನು ನೆಟ್ಟಗೆ ಮಾಡಿ. ಕಣ್ಣು ಮುಚ್ಚಿ," ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ಕೂತಿದ್ದ ಒಬ್ಬ ಹೆಡ್‌ಮೇಷ್ಟ್ರು ಫೈಲನ್ನು ತೊಡೆಯಡಿಗೆ ಇಟ್ಟುಕೊಂಡು, ಅದರ ಮೇಲೆ ಭದ್ರವಾಗಿ ಕೂತು, ಆಮೇಲೆ ಕಣ್ಣು ಮುಚ್ಚಿದರು. ಉಸಿರು ಒಳಗೆ ಹೋಗುವುದನ್ನು ನೋಡಿ, ಹೊರಗೆ ಬರುವುದನ್ನು ನೋಡಿ ಎಂದೆ. ಹತ್ತು ನಿಮಿಷ ಐವತ್ತು ಜನ ಒಂದು ಮಾತಾಡದೆ ಉಸಿರಾಡಿದರು. ಅಷ್ಟು ಶಿಸ್ತಿನ ಕ್ಲಾಸು ನನ್ನ ಜನ್ಮದಲ್ಲಿ ಆಗಿರಲಿಲ್ಲ. ಯಾಕೆ ಹಾಗೆ ಎಂದು ಆಮೇಲೆ ಆ ಹೆಡ್‌ಮೇಷ್ಟ್ರೇ ಹೇಳಿದರು. "ಡಿಪಾರ್ಟ್‌ಮೆಂಟಲ್ಲಿ ಎಂತ ಬೇಕಾದ್ರೂ ಬರ್ತದೆ ಮೇಡಂ. ಹೋದ ವರ್ಷ ಬೆರಳಚ್ಚು ತಗೊಂಡ್ರು. ಈ ವರ್ಷ ಉಸಿರು ತಗೊಳ್ತಾರೇನೋ ಅಂದ್ಕೊಂಡ್ವಿ."

ಉಸಿರಾಟ ಮುಗಿದ ಮೇಲೆ, ಕೌನ್ಸೆಲಿಂಗ್ ಹೇಗೆ ಶುರುಮಾಡುವುದು ಎಂದು ತೋರಿಸಲು ಮೊದಲ ಸಾಲಿನಲ್ಲಿದ್ದ ಒಬ್ಬಳನ್ನು ಎದ್ದು ಬರಲು ಹೇಳಿದೆ. ಮೂವತ್ತೈದರ ಆಸುಪಾಸಿನ ಹೆಂಗಸು, ಕೈಯಲ್ಲಿ ಛತ್ರಿ, ಹೆಗಲಲ್ಲಿ ಒಂದು ಬ್ಯಾಗು, ಮುಖದಲ್ಲಿ ಬಸ್ಸಿನ ಸುಸ್ತು.

"ನೀವು ಈಗ ಎಲ್ಲಿದ್ದೀರಿ?" ಎಂದು ಕೇಳಿದೆ. ಇಲ್ಲೇ ನಿಮ್ಮ ಎದುರಿಗೆ ಎಂಬ ಉತ್ತರ ಬರಬೇಕು. ಅಲ್ಲಿಂದ ಪಾಠ ಮುಂದೆ ಹೋಗುತ್ತದೆ.

"ಹುಲಿಕಲ್ ಮೇಡಂ."

'ದೇಹ ಇಲ್ಲಿ, ಮನಸ್ಸು ಹುಲಿಕಲ್' ಎಂದು ಬೋರ್ಡಿನ ಮೇಲೆ ಬರೆದೆ. ಎಷ್ಟು ಒಳ್ಳೆಯ ಉದಾಹರಣೆ ಎಂದು ಖುಷಿಯಾಯಿತು. "ಎಲ್ಲಿರಬೇಕು ಅಂತ ಅನ್ನಿಸ್ತದೆ?"

"ತೀರ್ಥಹಳ್ಳಿ."

"ಅಲ್ಲಿಗೆ ಹೋಗೋಕೆ ಏನು ಅಡ್ಡ ಬರ್ತಾ ಇದೆ?"

"ಸೀನಿಯಾರಿಟಿ."

ನನಗೆ ಅರ್ಥವಾಗಲಿಲ್ಲ. ಆದರೂ ಬಿಡಲಿಲ್ಲ. "ಆ ಅಡ್ಡಿಯನ್ನ ಬೈಯದೆ, ಸುಮ್ಮನೆ ನೋಡ್ತಾ ಇರೋಕೆ ಆಗ್ತದಾ?"

"ಒಂಬತ್ತು ವರ್ಷದಿಂದ ನೋಡ್ತಾನೇ ಇದೀನಿ ಮೇಡಂ," ಎಂದಳು. "ಖಾಲಿ ಹುದ್ದೆ ಪಟ್ಟಿ ಯಾವಾಗ ಹಾಕ್ತೀರಿ?"

ಆಮೇಲೆ ನಡೆದದ್ದನ್ನು ವಿವರಿಸಲು ನಾಚಿಕೆಯಾಗುತ್ತದೆ. ಜನ ಗಲಾಟೆ ಮಾಡಿದರು, ನಾನು ಅವರಿಗಿಂತ ಹೆಚ್ಚು ಗಲಾಟೆ ಮಾಡಿದೆ. ಫ್ಲೆಕ್ಸ್ ಅಂಗಡಿಯವನಿಗೆ ಅಲ್ಲೇ ಎಲ್ಲರೆದುರು ಫೋನು ಮಾಡಿ, ಅವನ ಏಳು ತಲೆಮಾರು ಎಣಿಸಿದೆ. 'ಸಾವಧಾನ' ಎಂದು ಕೆತ್ತಿಸಿಕೊಂಡಿದ್ದ ನನ್ನ ಬ್ಯಾಡ್ಜು ಎದೆಯ ಮೇಲೆ ಕುಣಿಯುತ್ತಿತ್ತು. ಸಂಜೆ ಹೊತ್ತಿಗೆ ಉಳಿದವರು ಮೊದಲೇ ಅರ್ಜಿ ಹಾಕಿದ್ದ ಹನ್ನೆರಡು ಜನ, ಮತ್ತೆ ಅವಳು.

"ಈ ಸರ್ಟಿಫಿಕೇಟಿಗೆ ಟ್ರಾನ್ಸ್‌ಫರ್‌ನಲ್ಲಿ ಏನಾದ್ರೂ ಪಾಯಿಂಟ್ ಉಂಟಾ?" ಎಂದು ಕೇಳಿದಳು.

"ಇಲ್ಲಮ್ಮ. ಕ್ಷಮಿಸಿ, ತಪ್ಪಾಯ್ತು. ಮನೆಗೆ ಹೋಗಿ."

ಅವಳು ಹೋಗಲಿಲ್ಲ. ಛತ್ರಿಯ ತುದಿ ನೋಡುತ್ತಾ ನಿಂತಳು. "ಉಸಿರು ನೋಡಿ ಅಂದ್ರಲ್ಲ, ಆಗ ಒಂದ್ಸಲ ತಲೆ ಖಾಲಿ ಆಯ್ತು ಮೇಡಂ. ಒಂಬತ್ತು ವರ್ಷದಲ್ಲಿ ನಂಗೆ ಕಂಡ ಖಾಲಿ ಜಾಗ ಅದೊಂದೇ. ಸೇರ್ಕೊಳ್ತೀನಿ."

ಅವಳ ಕತೆ ನನಗೆ ಗೊತ್ತಾದದ್ದು ಎರಡು ವಾರದ ನಂತರ, ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುವಾಗ. ಹುಲಿಕಲ್ ಘಾಟಿಯ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಅವಳು ಟೀಚರು. ಗಂಡನಿಗೆ ಬಳ್ಳಾರಿ ಕಡೆ ಕೆಲಸ, ಬರುವುದು ತಿಂಗಳಿಗೊಮ್ಮೆ. ಒಬ್ಬಳೇ ಮಗಳು, ಆರು ವರ್ಷ. ಘಾಟಿಯ ಥಂಡಿಗೆ ಮಗುವಿಗೆ ಎರಡನೇ ವರ್ಷಕ್ಕೇ ಉಬ್ಬಸ ಹಿಡಿಯಿತು. ಅಲ್ಲಿ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಹಾಗಾಗಿ ಮಗಳು ತೀರ್ಥಹಳ್ಳಿಯ ತವರುಮನೆಯಲ್ಲಿ, ತಾಯಿ ವಾರವಿಡೀ ಹುಲಿಕಲ್ಲಿನ ಬಾಡಿಗೆ ರೂಮಿನಲ್ಲಿ. ಶನಿವಾರ ಬರುವುದು, ಸೋಮವಾರ ಕತ್ತಲೆ ಹರಿಯುವ ಮೊದಲೇ ಹೋಗುವುದು.

"ನನ್ನ ತಮ್ಮ ನಮ್ಮಮ್ಮಂಗೆ ಅಮ್ಮ ಅಂತಾನಲ್ಲ, ಅವ್ನು ಕರೆಯೋದು ಕೇಳಿ ಇವ್ಳೂ ಅಜ್ಜಿಗೇ ಅಮ್ಮ ಅಂತಾಳೆ," ಎಂದಳು.

"ಮತ್ತೆ ನಿಮಗೆ?"

"ಹುಲಿಕಲ್ಲಮ್ಮ."

ನನಗೆ ಮೊದಲು ನಗು ಬಂತು. ಅವಳೂ ನಕ್ಕಳು. "ಮಾರಿಯಮ್ಮ, ಚೌಡಮ್ಮ ಇದ್ದಂಗೆ ಒಂದು ದೇವ್ರಾಗಿದೀನಿ ಮೇಡಂ. ವಾರಕ್ಕೊಂದ್ಸಲ ಪ್ರತ್ಯಕ್ಷ ಆಗ್ತೀನಿ, ಬಿಸ್ಕತ್ತು ಕೊಡ್ತೀನಿ, ಮಾಯ ಆಗ್ತೀನಿ." ಆಮೇಲೆ ಲೋಟದ ತಳದ ಚಹಾಪುಡಿ ನೋಡುತ್ತಾ, "ಈ ಸಲವಾದ್ರೂ ತೀರ್ಥಹಳ್ಳಿ ಸಿಗಬೇಕು. ಇನ್ನೆರಡು ವರ್ಷ ಆದ್ರೆ ಆ ಹೆಸರೇ ಗಟ್ಟಿ ಆಗಿಬಿಡ್ತದೆ," ಎಂದಳು. ಶನಿವಾರದ ಸಂಜೆಯನ್ನೂ ನನ್ನ ಕ್ಲಾಸಿಗೆ ಕೊಟ್ಟು ಮಗಳಿಂದ ಕಸಿದುಕೊಳ್ಳುತ್ತಿದ್ದಾಳಲ್ಲ ಎಂದು ನನಗೆ ಸಿಟ್ಟು ಬಂತು. ಬೈದೆ. ಕ್ಲಾಸು ಮುಗಿಸಿಕೊಂಡು ಹೋದರೆ ಭಾನುವಾರ ಮಗಳ ಜೊತೆ ಇರುವಾಗ ಮನಸ್ಸು ಬಸ್ಸಿನ ಟೈಮು ಲೆಕ್ಕ ಹಾಕುವುದಿಲ್ಲ, ಅಷ್ಟೇ ಸಾಕು ಎಂದಳು.

ಅಂತೂ ಹದಿಮೂರು ಜನರನ್ನು ಕಟ್ಟಿಕೊಂಡು ಕೋರ್ಸು ಊರಿಂದೂರಿಗೆ ನಡೆಯಿತು. ಹದಿಮೂರರಲ್ಲಿ ಒಬ್ಬರು ತೀರ್ಥಹಳ್ಳಿ ಕಡೆಯ ಪುರೋಹಿತರು. ಅವರನ್ನು ನಾವೆಲ್ಲ ಭಟ್ರೇ ಎನ್ನುತ್ತಿದ್ದೆವು. ಅರವತ್ತು ದಾಟಿದವರು ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, "ಜಾತಕ ಹಿಡ್ಕೊಂಡು ಬರ್ತಾರೆ, ಕೂತು ಅಳ್ತಾರೆ, ಹೋಗ್ತಾರೆ. ಅಳೋರಿಗೆ ಎಂತ ಹೇಳಬೇಕು ಅಂತ ಯಾವ ಪಂಚಾಂಗದಲ್ಲೂ ಇಲ್ಲ," ಎಂದಿದ್ದರು. ನನ್ನ ಇಡೀ ಸಿಲೆಬಸ್ಸಿನಲ್ಲಿ ಅಷ್ಟು ಸ್ಪಷ್ಟವಾದ ವಾಕ್ಯ ಒಂದೂ ಇಲ್ಲ.

ಪಠ್ಯದ ಪ್ರಕಾರ ಮೊದಲ ಅಭ್ಯಾಸ ಒಂದು ಒಣದ್ರಾಕ್ಷಿಯನ್ನು ಐದು ನಿಮಿಷ ತಿನ್ನುವುದು. ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟು, ನಿಧಾನಕ್ಕೆ ಅಗಿದು. ನಾನು ತಲೆಗೊಂದರಂತೆ ಹಂಚಿದೆ. ಸಾಗರದ ಕ್ಲಾಸಿನಲ್ಲಿ ಇದೊಂದು ದೊಡ್ಡ ಅವಮಾನವೇ ಆಗಿಹೋಯಿತು. ಕರೆದು ಕೂರಿಸಿ ಒಂದೇ ಒಂದು ದ್ರಾಕ್ಷಿ ಕೊಡುವುದೇ! "ಪಂಚಾಮೃತಕ್ಕೂ ಇದಕ್ಕಿಂತ ಜಾಸ್ತಿ ಹಾಕ್ತೀವಿ ಮೇಡಂ," ಎಂದರು ಭಟ್ಟರು. ಮುಂದಿನ ವಾರ ನನ್ನ ಮಾನ ಉಳಿಸಲು ಅವರೇ ಒಂದು ಡಬ್ಬಿ ಹಲಸಿನಕಾಯಿ ಹಪ್ಪಳ ಕರಿಸಿಕೊಂಡು ಬಂದರು. ಸರಿ, ಇದನ್ನೇ ಗಮನವಿಟ್ಟು ತಿನ್ನೋಣ ಎಂದೆ. ಹದಿಮೂರು ಜನ ಕಣ್ಣು ಮುಚ್ಚಿ, ಪೂರ್ಣ ಮೌನದಲ್ಲಿ, ಹಲಸಿನ ಹಪ್ಪಳ ತಿನ್ನುವ ಸದ್ದನ್ನು ನೀವು ಕೇಳಬೇಕು. ಪಕ್ಕದ ಕೋಣೆಯಲ್ಲಿ ಪರೀಕ್ಷೆ ಬರೆಸುತ್ತಿದ್ದವರು ಛಾವಣಿ ಬಿರಿಯುತ್ತಿದೆಯೇನೋ ಎಂದು ಬಾಗಿಲಿಗೆ ಬಂದರು.

ಇನ್ನೊಂದು ಸಲ ನಡಿಗೆಯ ಅಭ್ಯಾಸಕ್ಕೆಂದು ಎಲ್ಲರನ್ನೂ ಇಕ್ಕೇರಿ ದೇವಸ್ಥಾನದ ಅಂಗಳಕ್ಕೆ ಕರೆದುಕೊಂಡು ಹೋಗಿದ್ದೆ. ಹಿಮ್ಮಡಿ ಊರುವುದನ್ನು ಗಮನಿಸಿ, ಬೆರಳು ಊರುವುದನ್ನು ಗಮನಿಸಿ, ಒಂದು ಹೆಜ್ಜೆಗೆ ಒಂದು ಉಸಿರು. ಸಾಲಾಗಿ, ತಲೆ ತಗ್ಗಿಸಿ, ನಾವು ದೇವಸ್ಥಾನಕ್ಕೆ ಸುತ್ತು ಬರತೊಡಗಿದೆವು. ಅರ್ಧ ಸುತ್ತು ಬರುವಷ್ಟರಲ್ಲಿ ಹಿಂದೆ ನಾಲ್ಕು ಹೆಂಗಸರು ಕೈ ಮುಗಿದುಕೊಂಡು ಸೇರಿಕೊಂಡಿದ್ದರು. ಹೆಜ್ಜೆ ನಮಸ್ಕಾರದ ಹರಕೆ ಎಂದುಕೊಂಡಿದ್ದರು ಪಾಪ. ಅವರಲ್ಲೊಬ್ಬ ಮುದುಕಿ ನಮ್ಮ ಟೀಚರನ್ನು ಹಿಡಿದು ನಿಲ್ಲಿಸಿ, "ಎಂತಕ್ಕೆ ಹೇಳ್ಕೊಂಡಿದ್ರಿ ಹರಕೆ? ಮನೇಲಿ ಯಾರಿಗೆ ಹುಷಾರಿಲ್ಲೆ?" ಎಂದು ಕೇಳಿದಳು.

ಹರಕೆ ಅಲ್ಲ, ಇದು ವಿಶ್ವವಿದ್ಯಾಲಯದ ಪ್ರಾಯೋಗಿಕ ತರಗತಿ ಎಂದು ಹೇಳಬೇಕಿತ್ತು. ಅವಳು, "ಟ್ರಾನ್ಸ್‌ಫರ್‌ಗೆ," ಎಂದುಬಿಟ್ಟಳು.

"ಆಗ್ತು ಬಿಡು," ಎಂದಳು ಮುದುಕಿ. ಟೀಚರು ಉಳಿದರ್ಧ ಸುತ್ತನ್ನು ಎಷ್ಟು ಶ್ರದ್ಧೆಯಿಂದ ನಡೆದಳೆಂದರೆ ನಾವೆಲ್ಲ ಮುಗಿಸಿ ಕಾಲು ಗಂಟೆ ಕಾಯಬೇಕಾಯಿತು.

ನನ್ನ ನಿಜವಾದ ತಪ್ಪು ನಡೆದದ್ದು ತೀರ್ಥಹಳ್ಳಿಯ ಕ್ಲಾಸಿನಲ್ಲಿ. ಸಾವಧಾನ ಎಂದರೆ ನಿಧಾನ ತಾನೇ ಎಂದು ಟೀಚರು ಕೇಳಿದಳು. ಭಟ್ಟರು ಒಪ್ಪಲಿಲ್ಲ. "ಹಂಗಂದ್ರೆ ಹೇಗೆ? ಮದ್ವೇಲಿ ಗಂಡು ಹೆಣ್ಣಿನ ಮಧ್ಯ ತೆರೆ ಹಿಡ್ದಾಗ 'ಸುಮುಹೂರ್ತೇ ಸಾವಧಾನ' ಅಂತ ನಾವು ಕೂಗೋದು ನಿಧಾನ ಮಾಡಿ ಅಂತಲಾ? ಕಣ್ಣು ಬಿಡ್ರೋ, ಗಳಿಗೆ ಬಂತು, ತಪ್ಪಿಸ್ಕೋಬೇಡಿ ಅಂತ. ಓಲಗದವ್ರು ನಿದ್ದೆ ಮಾಡ್ತಿದ್ರೂ ಎದ್ದು ಬಾರಿಸ್ತಾರೆ." ಇಬ್ಬರೂ ನನ್ನ ಮುಖ ನೋಡಿದರು. ಭಟ್ಟರು ಹೇಳಿದ್ದು ಸರಿ ಎಂದು ಅಲ್ಲೇ ಖಂಡಿತವಾಗಿ ಹೇಳಬೇಕಿತ್ತು. ಬಸ್ಸಿಗೆ ಹೊತ್ತಾಗುತ್ತಿತ್ತು. "ಎರಡೂ ಸರಿ," ಎಂದು ತೇಲಿಸಿಬಿಟ್ಟೆ. ಸಾಲದ್ದಕ್ಕೆ, "ಏನೇ ಎದುರಿಗೆ ಬರಲಿ, ಮೊದಲು ಕಣ್ಣು ಮುಚ್ಚಿ, ಮೂರು ಉಸಿರು. ಆಮೇಲೆ ಉತ್ತರ," ಎಂದೂ ಸೇರಿಸಿದೆ. ಟೀಚರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸ್ಕೇಲು ಇಟ್ಟು ಕೆಂಪು ಗೆರೆ ಎಳೆದಳು.

ನಿಜವಾದ ಕೌನ್ಸೆಲಿಂಗಿನ ದಿನ ಬಂತು. ಜಿಲ್ಲಾ ಕೇಂದ್ರದಲ್ಲಿ ಹನ್ನೊಂದು ಗಂಟೆಗೆ. ಒಬ್ಬಳೇ ಹೋಗಲು ಹೆದರಿಕೆ, ಜೊತೆಗೆ ಬನ್ನಿ ಎಂದು ಅವಳು ಕರೆದಳು. ಹಿಂದಿನ ದಿನ ತೀರ್ಥಹಳ್ಳಿಯಲ್ಲಿ ನನಗೆ ಬೇರೊಂದು ಕೆಲಸವಿತ್ತು, ಅಲ್ಲಿಂದ ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿದೆವು. ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ತುಂಬ ಬಿಳಿ ಹಕ್ಕಿಗಳು ಕಂಡವು. "ನೋಡಿ ಮೇಡಂ ಇವನ್ನ," ಎಂದಳು. "ಎಲ್ಲಿಂದಲೋ ಬರ್ತವೆ, ಬೇಕಾದಲ್ಲಿ ಗೂಡು ಕಟ್ತವೆ. ಯಾರು ಸೀನಿಯಾರಿಟಿ ಕೇಳ್ತಾರೆ ಇವಕ್ಕೆ?" ಆಮೇಲೆ ಊರು ಬರುವವರೆಗೆ ಬೆರಳಿನಲ್ಲಿ ಏನೋ ಎಣಿಸುತ್ತಿದ್ದಳು. ಜಪ ಎಂದುಕೊಂಡೆ. ಆಮೇಲೆ ತಿಳಿಯಿತು, ಅವಳಿಗಿಂತ ಹಿರಿಯರಲ್ಲಿ ತೀರ್ಥಹಳ್ಳಿ ಕೇಳಬಹುದಾದವರು ಎಷ್ಟು ಜನ ಎಂದು ಎಣಿಸುತ್ತಿದ್ದಳು.

ಹಾಲಿನೊಳಗೆ ಟೀಚರುಗಳಿಗೆ ಮಾತ್ರ ಪ್ರವೇಶ. ನಾನು ಜಗಲಿಯಲ್ಲಿ, ತೆರೆದ ಕಿಟಕಿಯ ಹೊರಗೆ ನಿಂತೆ. ಸ್ವಲ್ಪ ಹೊತ್ತಿಗೆ ಭಟ್ಟರೂ ಬಂದರು. ಆ ಊರಲ್ಲೇ ಒಂದು ಗೃಹಪ್ರವೇಶ ಮುಗಿಸಿ, ಹಣೆಯ ಕುಂಕುಮದ ಸಮೇತ ಬಂದಿದ್ದರು. "ಹನ್ನೊಂದೂವರೆ ಮೇಲೆ ಒಳ್ಳೇದಿದೆ, ಹೆದರಬೇಡಿ," ಎಂದು ನನಗೆ ಧೈರ್ಯ ಹೇಳಿದರು. ಗೋಡೆಯ ಮೇಲಿನ ಪರದೆಯಲ್ಲಿ ಖಾಲಿ ಊರುಗಳ ಪಟ್ಟಿ. ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಅವರು ಎದ್ದು ಹೋಗಿ ಒಂದು ಊರು ಹೇಳುತ್ತಾರೆ, ಆ ಊರು ಪರದೆಯಿಂದ ಅಳಿಸಿಹೋಗುತ್ತದೆ. ಹೇಳದೆ ನಿಂತರೆ ಬೇಡವೆಂದು ಬರೆದುಕೊಂಡು ಮುಂದಿನವರನ್ನು ಕರೆಯುತ್ತಾರೆ. ತೀರ್ಥಹಳ್ಳಿ ಪಟ್ಟಣದ್ದು ಒಂದೇ ಒಂದು ಜಾಗವಿತ್ತು. ಒಬ್ಬೊಬ್ಬರು ಎದ್ದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವಳ ಹೆಸರು ಕರೆಯುವವರೆಗೂ ಆ ಸಾಲು ಅಳಿಸಲಿಲ್ಲ.

ಅವಳು ಎದ್ದಳು. ಮೇಜಿನ ಮುಂದೆ ಹೋಗಿ ನಿಂತಳು. ಪರದೆಯ ಮೇಲೆ ತೀರ್ಥಹಳ್ಳಿ ಎಂದು ಇರುವುದನ್ನು ನೋಡಿದಳು. ಕಣ್ಣು ಮುಚ್ಚಿದಳು.

ಅವಳ ಭುಜ ಏರಿ ಇಳಿಯುವುದು ಕಿಟಕಿಯಿಂದ ಕಾಣುತ್ತಿತ್ತು. ನಾನು ಹೇಳಿಕೊಟ್ಟ ಹಾಗೇ, ಹೊಟ್ಟೆಯ ತಳದಿಂದ, ಅವಸರವಿಲ್ಲದೆ. ಒಂದು.

"ಹೇಳಿ ಮೇಡಂ, ಯಾವ ಊರು?" ಎಂದರು ಮೇಜಿನ ಹಿಂದಿದ್ದ ಅಧಿಕಾರಿ. ಉತ್ತರವಿಲ್ಲ. ಅವರು ಗಡಿಯಾರ ನೋಡಿದರು. ಮುಂದಿನ ಹೆಸರಿನವಳು ಆಗಲೇ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಅವಳ ಕಣ್ಣೂ ಪರದೆಯ ಅದೇ ಸಾಲಿನ ಮೇಲಿತ್ತು.

"ಕಣ್ಣು ಬಿಡೇ ಮಾರಾಯ್ತಿ!" ಎಂದು ಕಿಟಕಿ ಸರಳು ಹಿಡಿದು ಕಿರುಚಿದೆ. "ಏಯ್, ಬಾಯಿ ಬಿಡೇ!"

ಜಗಲಿಯಲ್ಲಿದ್ದ ಅಟೆಂಡರು ಓಡಿಬಂದು, "ಸಮಾಧಾನ ಮಾಡ್ಕೊಳ್ಳಿ ಮೇಡಂ. ಉಸಿರು ಎಳ್ಕೊಳ್ಳಿ, ನಿಧಾನ ಬಿಡಿ," ಎಂದು ನನಗೇ ಹೇಳಿಕೊಟ್ಟ. ಒಳಗೆ ಅವಳು ಅಲುಗಲಿಲ್ಲ. ನನ್ನ ಕಿರುಚಾಟವನ್ನು ಬೈಯದೆ, ಅದರ ಹಿಂದೆ ಹೋಗದೆ, ಬಂದು ಹೋಗುವ ಒಂದು ಸದ್ದು ಎಂದು ಬಿಟ್ಟುಬಿಟ್ಟಿದ್ದಳು. ಕ್ಲಾಸಿನಲ್ಲಿ ಹಾಗೇ ಮಾಡಬೇಕೆಂದು ಹೇಳಿದ್ದವಳು ನಾನೇ. ಎರಡು. ಅಧಿಕಾರಿ ಪೆನ್ನು ಎತ್ತಿಕೊಂಡರು.

ಆಗ ನನ್ನ ಪಕ್ಕದಲ್ಲಿ ಭಟ್ಟರು ಶಲ್ಯ ಸರಿಮಾಡಿಕೊಂಡರು. ಡೋಲು ನಾಗಸ್ವರಗಳನ್ನು ಮೀರಿಸಿ ನಲವತ್ತು ವರ್ಷ ಪಳಗಿದ ಗಂಟಲು ಅದು.

"ಸುಮುಹೂರ್ತೇ ಸಾವಧಾನಾ...!"

ಎರಡನೇ ಸಾಲಿನ ಹಿರಿಯ ಟೀಚರೊಬ್ಬರ ಕೈ ತಾನಾಗಿ ಅಕ್ಷತೆ ಹುಡುಕಿ ಮಡಿಲಿಗೆ ಹೋಯಿತು. ಕೆಲವರು ಎದ್ದೇ ನಿಂತರು. ಅವಳು ಮೆಟ್ಟಿಬಿದ್ದು ಕಣ್ಣು ಬಿಟ್ಟಳು.

"ತೀರ್ಥಹಳ್ಳಿ!" ಎಂದಳು.

ಆ ಹೆಸರು ಪರದೆಯಿಂದ ಅಳಿಸಿಹೋಯಿತು. ಗದ್ದಲ ಮಾಡಿದ್ದಕ್ಕೆ ನಮ್ಮಿಬ್ಬರನ್ನೂ ಜಗಲಿಯಿಂದ ಇಳಿಸಿದರು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಖುಷಿಗಲ್ಲ, ಹೆದರಿಕೆಗೆ. ಇನ್ನೊಂದು ಉಸಿರು ಆಗಿದ್ದರೆ ನನ್ನ ಪಾಠ ಆ ಮಗುವಿನ ಬಾಯಲ್ಲಿ ಹುಲಿಕಲ್ಲನ್ನು ಕಾಯಂ ಮಾಡಿಬಿಡುತ್ತಿತ್ತು. ಅವಳು ಆದೇಶದ ಕಾಗದ ಹಿಡಿದು ಹೊರಗೆ ಬಂದಾಗ ಅವಳನ್ನು ಹಿಡಿದು ಅಲುಗಾಡಿಸಿ, "ಅಲ್ಲಿ ಕಣ್ಣು ಮುಚ್ತಾರಾ? ಬುದ್ಧಿ ಇದೆಯಾ ನಿಂಗೆ?" ಎಂದೆ. "ನೀವೇ ಹೇಳಿದ್ರಲ್ಲ ಮೇಡಂ, ಮೂರು ಉಸಿರು," ಎಂದಳು. ಭಟ್ಟರು ನಮ್ಮಿಬ್ಬರಿಗೂ ಗೃಹಪ್ರವೇಶದ ಲಾಡು ಕೊಟ್ಟರು.

ಕೋರ್ಸು ಮುಗಿದಾಗ ಎಲ್ಲರೂ ಅಭಿಪ್ರಾಯದ ಫಾರಂ ತುಂಬಿದರು. ಈ ಕೋರ್ಸಿನಿಂದ ನಿಮಗೆ ದೊರೆತದ್ದೇನು ಎಂಬ ಪ್ರಶ್ನೆಗೆ ಮನಶ್ಶಾಂತಿ, ಏಕಾಗ್ರತೆ ಎಂದೆಲ್ಲ ಬರೆದಿದ್ದರು. ಅವಳು 'ತೀರ್ಥಹಳ್ಳಿ' ಎಂದು ಬರೆದಿದ್ದಳು. ಮುಖ್ಯಸ್ಥರು ಅದನ್ನು ಊರಿನ ಕಾಲಂ ತಪ್ಪಿ ಬರೆದದ್ದು ಎಂದುಕೊಂಡು ತಿದ್ದಿದರು.

ವರ್ಗಾವಣೆಯಾಗಿ ಒಂದು ತಿಂಗಳಿಗೆ ಅವಳ ಫೋನು ಬಂತು. ದನಿ ಕುಗ್ಗಿತ್ತು. "ಒಂದೇ ಮನೇಲಿದೀವಿ ಮೇಡಂ, ನನ್ನ ಪಕ್ಕಾನೇ ಮಲಗ್ತಾಳೆ. ಆದ್ರೂ ಬೆಳಿಗ್ಗೆ ಎದ್ದು, 'ಹುಲಿಕಲ್ಲಮ್ಮಾ, ನೀ ಇನ್ನೂ ಹೋಗಿಲ್ವಾ?' ಅಂತ ಕೇಳ್ತಾಳೆ." ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಬರುವುದು ಸಿಟ್ಟೇ. ಕೂರಿಸಿಕೊಂಡು ತಿದ್ದು, ನಾನು ನಿನ್ನಮ್ಮ, ಅವರು ಅಜ್ಜಿ ಅಂತ ಹೇಳು ಎಂದು ಜೋರು ಮಾಡಿದೆ. ಬೇಡ ಮೇಡಂ, ತಿದ್ದಿದರೆ ಹೆದರಿ ಕರೆಯುತ್ತಾಳೆ ಎಂದಳು. ಶಾಲೆಯಲ್ಲಿ ದಿನವಿಡೀ ತಿದ್ದುವವಳಿಗೆ ಅದು ಗೊತ್ತಿತ್ತು.

ಮತ್ತೆ ಅವಳು ಫೋನು ಮಾಡಿದ್ದು ಆರು ತಿಂಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ. ಹಿಂದೆ ಪಾತ್ರೆಯ ಸದ್ದು, ಯಾರೋ ಕೆಮ್ಮುವ ಸದ್ದು.

"ಹುಲಿಕಲ್ಲಮ್ಮ ಅನ್ನೋಕೆ ಉದ್ದ ಆಗ್ತದಂತೆ ಮೇಡಂ ಅವ್ಳಿಗೆ," ಎಂದಳು. "ದಿನಕ್ಕೆ ನೂರು ಸಲ ಕರೀಬೇಕಲ್ಲ ಈಗ. ಅದಕ್ಕೆ ಬರೀ ಕಲ್ಲಮ್ಮ ಅಂತಾಳೆ."

"ಕಲ್ಲಮ್ಮ?"

"ಹ್ಞೂಂ. ಹುಲಿ ಹೋಯ್ತು ಮೇಡಂ. ಕಲ್ಲೊಂದು ಉಳ್ಕೊಂಡಿದೆ." ನಗುತ್ತಿದ್ದಳು.

"ಅದನ್ನೂ ಕಿತ್ತು ಬಿಸಾಡು ಅತ್ಲಾಗೆ! ಇನ್ನೆಷ್ಟು ದಿನ?"

"ಅದೂ ಹೋಗ್ತದೆ," ಎಂದಳು. "ಸಾವಧಾನ."

ಯಾವ ಸಾವಧಾನ, ನಿಂದಾ ಭಟ್ರದ್ದಾ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮನೆಯೊಳಗಿಂದ ಒಂದು ಸಣ್ಣ ದನಿ, "ಕಲ್ಲಮ್ಮಾ, ಜಡೆ ಹಾಕು ಬಾ!" ಎಂದಿತು. ಮೂರು ಉಸಿರು ಹೋಗಲಿ, ಅರ್ಧ ಉಸಿರೂ ಎಳೆದುಕೊಳ್ಳದೆ ಅವಳು "ಬಂದೇ!" ಎಂದು ಓಡಿದಳು. ಫೋನು ಇಡುವುದನ್ನು ಮರೆತಿದ್ದಳು. ಕೂದಲ ಸಿಕ್ಕು ಬಾಚಣಿಗೆಗೆ ಸಿಕ್ಕಿದ್ದಕ್ಕೆ ಮಗು ಬೈಯುವುದು, ಅವಳು ಬೈಸಿಕೊಳ್ಳುವುದು ದೂರದಿಂದ ಕೇಳುತ್ತಿತ್ತು. ಜಡೆ ಮುಗಿಯುವವರೆಗೂ ನಾನು ಫೋನು ಕಿವಿಗೆ ಹಿಡಿದೇ ಕೂತಿದ್ದೆ.